ಕಂಡ ನಾಡು, ಕೇಳಿದ ನಾಡು: ಹ್ಯೂಯೆನ್‌ತ್ಸಾಂಗನ ದೇಶಾಟನೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ವಿದ್ಯಾರ್ಥಿಯಿಲ್ಲ. ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಒಬ್ಬನು ದೇಶದ ಪಕ್ಷವನ್ನೂ ಇನ್ನೊಬ್ಬನು ಕೋಶದ ಪಕ್ಷವನ್ನೂ ಹಿಡಿದು ವಾದಿಸುವುದು ವಾಡಿಕೆಯಾಗಿ ಬಂದಿದೆ. ಗಾದೆಯ ನಡುವಿನ "ಇಲ್ಲವೆ" ಎಂಬ ಒಂದು ಮಾತೇ ಈ ವಾದಕ್ಕೆಲ್ಲ ಮೂಲ. ಆದರೆ ಕೋಶವನ್ನು ಓದುವುದಕ್ಕಾಗಿಯೇ ದೇಶವನ್ನು ಸುತ್ತಿದ, ಸುತ್ತಿ ಬಂದ ಮೇಲೆ ಸುತ್ತಿದ ದೇಶವನ್ನೇ ಒಂದು ಕೋಶವನ್ನಾಗಿ ಮಾಡಿಟ್ಟ ಪುರುಷನೊಬ್ಬನು ಏಳನೆಯ ಶತಮಾನದಲ್ಲಿ ಇದ್ದನು. ಆತನ ಮುಂದೆ ಆ "ಇಲ್ಲವೆ"ಗೆ ಎಡೆಯಿಲ್ಲ. ಚೀನಾ ದೇಶದ ಬೌದ್ಧ ಭಿಕ್ಷು ಹ್ಯೂಯೆನ್‌ತ್ಸಾಂಗನೇ ಆ ಪುರುಷನು. ಹೆಸರನ್ನು ಚೀನೀ ಉಚ್ಚಾರಣೆಗೆ ಹತ್ತಿರವಾಗುವಂತೆ ಷ್ವಾನ್‌ಜಾಂಗ್ ಎಂದು ಬರೆಯುವವರೂ ಈಗ ಉಂಟು. ಕನ್ನಡ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ರೂಢವಾದ ರೂಪವನ್ನೇ ಇಲ್ಲಿ ಇಟ್ಟುಕೊಳ್ಳಲಾಗಿದೆ.

ದೇಶ ಸುತ್ತುವ ಕ್ರಿಯೆಗೆ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಮೂರು ಮಾತುಗಳಿವೆ. "ಯಾ" ಧಾತುವಿನಿಂದ ಬಂದ ಯಾತ್ರೆಯೆಂದರೆ ಹೋಗುವಿಕೆ. "ಅಟ್" ಧಾತುವಿನಿಂದ ಬಂದ ಪರ್ಯಟನವೆಂದರೆ ಸುತ್ತಲೂ ತಿರುಗುವಿಕೆ. ಮೂರನೆಯದಾದ ಪ್ರವಾಸವೆಂಬ ಮಾತು ಮಾತ್ರ "ವಸ್" ಧಾತುವಿನಿಂದ ಹುಟ್ಟಿದ್ದು. ಅದರ ಅರ್ಥ ಮನೆಯನ್ನು ಬಿಟ್ಟು ಬೇರೆಡೆಯಲ್ಲಿ ವಾಸಮಾಡುವುದು ಎಂದು. ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿನಲ್ಲಿ ಹಿಂದಿರುಗುವುದನ್ನೂ ಈಗ ಪ್ರವಾಸವೆನ್ನುವುದು ರೂಢಿಯ ಬಲದಿಂದ. ಧಾತ್ವರ್ಥವನ್ನು ನೋಡಿದರೆ ಪರಸ್ಥಳದ ಅನ್ನವನ್ನುಂಡು, ಅಲ್ಲಿಯ ಮಾತನ್ನು ಕಲಿತು, ಅಲ್ಲಿಯ ಮಳೆಗಾಲವನ್ನೂ ಬೇಸಗೆಯನ್ನೂ ಕಳೆದವನೇ ಪ್ರವಾಸಿ. ಸುಮಾರು ಹದಿನಾರು ವರ್ಷಗಳ ಕಾಲ ತನ್ನ ನಾಡಿನ ಹೊರಗೆ ವಾಸಿಸಿದ ಹ್ಯೂಯೆನ್‌ತ್ಸಾಂಗನಿಗೆ ಈ ಶಬ್ದವು ಪೂರ್ಣಾರ್ಥದಲ್ಲಿ ಸಲ್ಲುತ್ತದೆ.

ಆತನು ಬರೆಯಿಸಿದ ಗ್ರಂಥಕ್ಕೆ "ಮಹಾ ತಾಂಗ್ ವಂಶದ ಕಾಲದ ಪಶ್ಚಿಮ ದೇಶಗಳ ವೃತ್ತಾಂತ" ಎಂಬ ಅರ್ಥದ ಹೆಸರಿದೆ. ಹನ್ನೆರಡು ಸಂಪುಟಗಳ ಈ ಗ್ರಂಥವು ಕ್ರಿ.ಶ. 646ರಲ್ಲಿ ಮುಗಿಯಿತು. ಗುರುವು ಹೇಳಿದ್ದನ್ನು ಗ್ರಂಥರೂಪಕ್ಕೆ ತಂದವನು ಬಿಯೆನ್‌ಜಿ ಎಂಬ ಶಿಷ್ಯ. ಅದರಲ್ಲಿ ಒಟ್ಟು 138 ನಾಡುಗಳ ವಿವರಣೆಯಿದ್ದು, ಅವುಗಳಲ್ಲಿ 110 ಗುರುವು ಸ್ವತಃ ಮೆಟ್ಟಿ ಬಂದವು, 28 ಕೇವಲ ಕೇಳಿ ತಿಳಿದವು ಎಂಬ ಲೆಕ್ಕವನ್ನು ಗ್ರಂಥವೇ ಕೊಡುತ್ತದೆ. ಇಷ್ಟೇ ಅಲ್ಲ. ತಾನು ಸ್ವತಃ ನಡೆದು ಹೋದ ನಾಡನ್ನು ಹೇಳುವಾಗ "ನಡೆದು" ಎಂಬರ್ಥದ ಒಂದು ಕ್ರಿಯಾಪದ, ಪರರಿಂದ ಕೇಳಿದ ನಾಡನ್ನು ಹೇಳುವಾಗ "ತಲುಪಿದರೆ" ಎಂಬರ್ಥದ ಇನ್ನೊಂದು ಕ್ರಿಯಾಪದ, ಹೀಗೆ ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸಿರುವುದಾಗಿ ಗ್ರಂಥದ ಕೊನೆಯಲ್ಲಿ ಶಿಷ್ಯನು ಸ್ಪಷ್ಟಪಡಿಸಿದ್ದಾನೆ. ಈ ನಿಯಮವನ್ನು ಎಲ್ಲೆಡೆಯೂ ತಪ್ಪದೆ ಪಾಲಿಸಿಲ್ಲವೆಂದು ಆಕ್ಷೇಪಿಸಿದ ಪಂಡಿತರುಂಟು. ಅದು ಬೇರೆ ಮಾತು. ಕಂಡದ್ದಕ್ಕೆ ಒಂದು ಕ್ರಿಯಾಪದ, ಕೇಳಿದ್ದಕ್ಕೆ ಒಂದು ಕ್ರಿಯಾಪದ ಎಂಬ ಈ ವ್ಯವಸ್ಥೆಯನ್ನು ಪ್ರವಾಸಸಾಹಿತ್ಯದ ವ್ಯಾಕರಣವೆಂದೇ ಕರೆಯಬಹುದು. ಹೋಗದ ಊರನ್ನು ಹೋದಂತೆ ವರ್ಣಿಸುವ ಚಾಪಲ್ಯವು ಎಲ್ಲ ಕಾಲದ ಪ್ರವಾಸಕಥನಗಳಲ್ಲಿಯೂ ಇದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳಲ್ಲಿಯೂ ಅದು ಇಲ್ಲದಿಲ್ಲ.

ಹ್ಯೂಯೆನ್‌ತ್ಸಾಂಗನು ಜನಿಸಿದ್ದು 602ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಎಳೆಯ ವಯಸ್ಸಿನಲ್ಲಿಯೇ ವಿಹಾರವನ್ನು ಸೇರಿ ಬೌದ್ಧಶಾಸ್ತ್ರಗಳನ್ನು ಓದತೊಡಗಿದನು. ಓದಿದಷ್ಟೂ ಸಂಶಯಗಳು ಬೆಳೆದವು. ಒಂದೇ ಗ್ರಂಥದ ಎರಡು ಚೀನೀ ಭಾಷಾಂತರಗಳು ಎರಡು ಬಗೆಯಾಗಿದ್ದವು. ಒಬ್ಬ ಗುರುವಿನ ವ್ಯಾಖ್ಯಾನ ಇನ್ನೊಬ್ಬ ಗುರುವಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಮೂಲವನ್ನು ಮೂಲಭಾಷೆಯಲ್ಲಿಯೇ ಓದದ ಹೊರತು ಈ ತೊಡಕು ಬಿಡಿಸಲಾಗದೆಂದು ಆತನಿಗೆ ಮನವರಿಕೆಯಾಯಿತು. ಅಂದರೆ ಈ ಮಹಾಪ್ರವಾಸದ ಬೀಜವು ಒಂದು ಪಾಠಾಂತರದ ಸಮಸ್ಯೆ! ಆಗ ಚೀನಾದ ಗಡಿಯನ್ನು ದಾಟಿ ಹೋಗುವುದಕ್ಕೆ ರಾಜಾಜ್ಞೆಯ ನಿಷೇಧವಿದ್ದಿತು. 629ರಲ್ಲಿ (627ರಲ್ಲಿ ಎಂದು ಕೆಲವರ ಮತ) ಆತನು ಅನುಮತಿಯಿಲ್ಲದೆಯೇ ಚಾಂಗಾನ್ ನಗರವನ್ನು ಬಿಟ್ಟು, ಗಡಿನಾಡಿನಲ್ಲಿ ಹಗಲು ಅಡಗಿ ಇರುಳು ನಡೆದು ಪಶ್ಚಿಮಕ್ಕೆ ಸಾಗಿದನು.

ಗಡಿಯಾಚೆ ಗೋಬಿ ಮರುಭೂಮಿ. ಮೇಲೆ ಹಕ್ಕಿಯಿಲ್ಲ, ಕೆಳಗೆ ಪ್ರಾಣಿಯಿಲ್ಲ, ಹುಲ್ಲುನೀರುಗಳ ಸುಳಿವಿಲ್ಲ. ದಾರಿ ತೋರಲು ಬಂದವನು ಅರ್ಧದಲ್ಲಿಯೇ ಹಿಂಜರಿದು ಬಿಟ್ಟುಹೋದನು. ಆದರೆ ಅದಕ್ಕೂ ಮೊದಲು ಒಬ್ಬ ಮುದುಕನು ಆತನಿಗೆ ತನ್ನ ಬಡಕಲಾದ ಕೆಂಚು ಕುದುರೆಯೊಂದನ್ನು ಕೊಟ್ಟಿದ್ದನು. ಈ ಮುದಿ ಕುದುರೆ ಮರುಭೂಮಿಯನ್ನು ಹದಿನೈದು ಸಲ ದಾಟಿಬಂದಿದೆ, ನಿನ್ನ ಎಳೆಯ ಕುದುರೆಗೆ ದಾರಿ ತಿಳಿಯದು ಎಂಬುದು ಮುದುಕನ ವಾದ. ಹ್ಯೂಯೆನ್‌ತ್ಸಾಂಗನು ತನ್ನ ಕುದುರೆಯನ್ನು ಆತನಿಗೆ ಕೊಟ್ಟು ಇದನ್ನು ತೆಗೆದುಕೊಂಡಿದ್ದನು. ಮರುಭೂಮಿಯ ನಡುವೆ ನೀರಿನ ತೊಗಲುಚೀಲವನ್ನು ಎತ್ತಿ ಕುಡಿಯಹೋದಾಗ ಅದು ಕೈಜಾರಿ ಬಿದ್ದು ನೀರೆಲ್ಲ ಮರಳಿನ ಪಾಲಾಯಿತು. ಸಾವಿರ ಲಿ ದೂರಕ್ಕೆಂದು ತುಂಬಿಕೊಂಡಿದ್ದ ನೀರು ಅದು. ("ಲಿ" ಎಂಬುದು ಚೀನೀ ಅಳತೆ, ಸುಮಾರು ಅರ್ಧ ಕಿಲೋಮೀಟರು.) ಆತನು ಕುದುರೆಯನ್ನು ತಿರುಗಿಸಿಕೊಂಡು ಹತ್ತು ಲಿಗಳಷ್ಟು ಹಿಂದಕ್ಕೂ ಬಂದನು. ಭಾರತವನ್ನು ಮುಟ್ಟದೆ ಪೂರ್ವಕ್ಕೆ ಒಂದು ಹೆಜ್ಜೆಯನ್ನೂ ಇಡೆನೆಂಬ ಪ್ರತಿಜ್ಞೆ ಅಲ್ಲಿ ನೆನಪಾಯಿತು. ಮತ್ತೆ ಪಶ್ಚಿಮಕ್ಕೆ ತಿರುಗಿದನು. ನಾಲ್ಕು ರಾತ್ರಿ ಐದು ಹಗಲು ಒಂದು ತೊಟ್ಟು ನೀರಿಲ್ಲದೆ ಬಿದ್ದೆದ್ದು ಸಾಗಿದ ಮೇಲೆ, ಹೇಳದೆ ಕೇಳದೆ ದಾರಿಯನ್ನು ಬಿಟ್ಟು ಬೇರೆ ದಿಕ್ಕಿಗೆ ನಡೆದ ಆ ಮುದಿ ಕುದುರೆಯೇ ಹುಲ್ಲುಗಾವಲಿಗೂ ಕೊಳಕ್ಕೂ ಒಯ್ದು ನಿಲ್ಲಿಸಿತು. ಧೀರಪುರುಷನು ಒಮ್ಮೆ ಹಿಂದಿರುಗಿದನೆಂಬುದನ್ನು ಶಿಷ್ಯರು ಮುಚ್ಚಿಡಬಹುದಾಗಿತ್ತು. ಆತನ ಜೀವನಚರಿತ್ರೆಯನ್ನು ಬರೆದ ಹುಯಿಲಿ ಎಂಬ ಶಿಷ್ಯನು ಆ ಹತ್ತು ಲಿಗಳನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ.

ಮರುಭೂಮಿಯ ಆಚೆ ತುರ್ಫಾನ್ ಪ್ರದೇಶದ ಗಾವೊಚಾಂಗ್ ಎಂಬ ರಾಜ್ಯ. ಅಲ್ಲಿಯ ಅರಸನು ಯಾತ್ರಿಕನ ವಿದ್ವತ್ತಿಗೆ ಮಾರುಹೋಗಿ, ಇಲ್ಲಿಯೇ ರಾಜಗುರುವಾಗಿ ನಿಲ್ಲಬೇಕೆಂದು ಮೊದಲು ಬೇಡಿ ಆಮೇಲೆ ಬಲವಂತಮಾಡಿದನು. ಹ್ಯೂಯೆನ್‌ತ್ಸಾಂಗನು ಅನ್ನನೀರನ್ನು ಬಿಟ್ಟು ಕುಳಿತನು. ನಾಲ್ಕನೆಯ ದಿನ ಅರಸನು ಸೋತು ಕ್ಷಮೆ ಬೇಡಿದನು. ಹಿಂದಿರುಗುವಾಗ ಇಲ್ಲಿ ಮೂರು ವರ್ಷ ನಿಲ್ಲಬೇಕೆಂಬ ಮಾತನ್ನು ಪಡೆದು, ಮುಂದಿನ ಇಪ್ಪತ್ತನಾಲ್ಕು ರಾಜ್ಯಗಳಿಗೆ ಓಲೆಗಳನ್ನೂ ಮೂವತ್ತು ಕುದುರೆಗಳನ್ನೂ ಆಳುಗಳನ್ನೂ ಹೊನ್ನನ್ನೂ ಕೊಟ್ಟು ಬೀಳ್ಕೊಂಡನು. ಆ ಮಾತು ನಡೆಯಲಿಲ್ಲ. 640ರಲ್ಲಿ ತಾಂಗ್ ಸೈನ್ಯವು ಗಾವೊಚಾಂಗನ್ನು ಗೆದ್ದುಕೊಂಡಿತು; ಅದೇ ಹೊತ್ತಿಗೆ ಆ ಅರಸನೂ ತೀರಿಹೋದನು. ಯಾತ್ರಿಕನು ಹಿಂದಿರುಗಿದ್ದು ಖೋತಾನಿನ ದಕ್ಷಿಣ ಮಾರ್ಗದಿಂದ.

ತಿಯೆನ್‌ಶಾನ್ ಪರ್ವತಗಳ ಹಿಮವನ್ನು ದಾಟುವಲ್ಲಿ ಏಳು ದಿನಗಳು ಹಿಡಿದವು. ಜೊತೆಯವರಲ್ಲಿ ಹತ್ತಕ್ಕೆ ಮೂರು ನಾಲ್ಕು ಜನ ಹಸಿವಿನಿಂದಲೂ ಚಳಿಯಿಂದಲೂ ಸತ್ತರು. ಪರ್ವತದ ಆಚೆಗೆ, ಈಗಿನ ಕಿರ್ಗಿಜ್‌ಸ್ತಾನದಲ್ಲಿ, ಚಳಿಗಾಲದಲ್ಲಿಯೂ ಹೆಪ್ಪುಗಟ್ಟದ ಇಸ್ಸಿಕ್‌ಕುಲ್ ಸರೋವರ. ಅಲ್ಲಿಂದ ಸಮರ್‌ಕಂದ, ಬಲ್ಖ್‌ಗಳ ಮೇಲೆ ಹಾಯ್ದು ಹಿಂದೂಕುಷ್ ಪರ್ವತಗಳ ನಡುವಿನ ಬಾಮಿಯಾನ್ ಕಣಿವೆಗೆ ಬಂದನು. ಬಂಡೆಯ ಗೋಡೆಯಲ್ಲಿ ಕೊರೆದ ಬುದ್ಧನ ನಿಂತ ವಿಗ್ರಹವೊಂದು 140ರಿಂದ 150 ಅಡಿ ಎತ್ತರವಿದ್ದು ಹೊಂಬಣ್ಣದಿಂದ ಹೊಳೆಯುತ್ತಿರುವುದೆಂದೂ, ಅದರ ಪೂರ್ವಕ್ಕೆ ನೂರು ಅಡಿ ಮೀರಿದ ಹಿತ್ತಾಳೆಯ ಇನ್ನೊಂದು ವಿಗ್ರಹವಿದ್ದು ಅದನ್ನು ಬಿಡಿಬಿಡಿಯಾಗಿ ಎರಕಹೊಯ್ದು ಜೋಡಿಸಿರುವರೆಂದೂ ಬರೆದನು. ಈ ಕಾಲದ ಅಳತೆಯಲ್ಲಿ ಅವುಗಳ ಎತ್ತರ 55 ಮೀಟರು ಮತ್ತು 38 ಮೀಟರು. ಚೀನೀ ಅಡಿಯ ಪ್ರಮಾಣವನ್ನು ನೆನೆದರೆ ಅಂದಾಜು ಬಹಳ ದೂರವೇನೂ ಹೋಗಿಲ್ಲ. ಹಿತ್ತಾಳೆಯ ಮಾತು ಮಾತ್ರ ತಪ್ಪು. ಎರಡನೆಯದೂ ಬಂಡೆಯಲ್ಲಿಯೇ ಕೊರೆದು, ಮಣ್ಣಿನ ಗಾರೆಯನ್ನು ಮೆತ್ತಿ ಬಣ್ಣ ಕೊಟ್ಟದ್ದು. ಮೇಲಣ ಹೊಳಪು ಕಣ್ಣನ್ನು ವಂಚಿಸಿರಬೇಕು. ಕಂಡದ್ದೆಲ್ಲವೂ ನಿಜವಾಗಿರುವುದಿಲ್ಲ, ಆದರೆ ಕಂಡದ್ದನ್ನು ಕಂಡಂತೆ ಬರೆದಿಟ್ಟರೆ ತಪ್ಪನ್ನು ತಿದ್ದುವುದಾದರೂ ಸುಲಭವಾಗುತ್ತದೆ.

ಸಿಂಧೂನದಿಯ ಸಮೀಪದಲ್ಲಿ ಆತನು ಶಲಾತುರವೆಂಬ ಊರನ್ನು ಕಂಡನು. ಅದು ಪಾಣಿನಿಯ ಜನ್ಮಸ್ಥಳ. ಪಾಣಿನಿಯ ಪ್ರತಿಮೆಯೊಂದು ಆಗಿನ್ನೂ ಅಲ್ಲಿತ್ತೆಂದೂ, ಆ ಊರಿನ ಬ್ರಾಹ್ಮಣರು ಗುರುಶಿಷ್ಯ ಪರಂಪರೆಯಿಂದ ವ್ಯಾಕರಣವನ್ನು ಕಾಪಾಡಿಕೊಂಡು ಬಂದಿದ್ದರೆಂದೂ ತಿಳಿಸುತ್ತಾನೆ. ಇದನ್ನು ಈಗಿನ ಪಾಕಿಸ್ತಾನದ ಸ್ವಾಬಿ ಜಿಲ್ಲೆಯ ಲಾಹೋರ್ ಎಂಬ ಸಣ್ಣ ಊರೆಂದು ಗುರುತಿಸಲಾಗಿದೆ. ಪ್ರಸಿದ್ಧವಾದ ಲಾಹೋರ್ ನಗರ ಬೇರೆ. ಶಬ್ದರೂಪಾವಳಿಯನ್ನು ಕಂಠಪಾಠ ಮಾಡಲು ಬೇಸರಿಸುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬಹುದು. ಹುಯಿಲಿಯು ಬರೆದ ಚರಿತ್ರೆಯಲ್ಲಿ ಸಂಸ್ಕೃತ ವ್ಯಾಕರಣದ ಪರಿಚಯವೂ ಇದ್ದು, ಅಲ್ಲಿ "ಪುರುಷ" ಶಬ್ದದ ವಿಭಕ್ತಿರೂಪಗಳನ್ನೂ "ಭವತಿ" ಮೊದಲಾದ ಕ್ರಿಯಾರೂಪಗಳನ್ನೂ ಚೀನೀ ಲಿಪಿಯಲ್ಲಿ ಕೊಡಲಾಗಿದೆ. ಮರುಭೂಮಿಯನ್ನು ದಾಟಿಬಂದವನಿಗೂ ಮೂರು ವಚನಗಳನ್ನು ದಾಟುವುದು ತಪ್ಪಲಿಲ್ಲ.

ಆತನ ಪ್ರವಾಸದ ಗುರಿಯಾಗಿದ್ದುದು ಮಗಧದ ನಾಲಂದಾ ಮಹಾವಿಹಾರ. ಪ್ರವೇಶವನ್ನು ಬಯಸಿ ಬಂದವರನ್ನು ಬಾಗಿಲಿನಲ್ಲಿಯೇ ಪ್ರಶ್ನಿಸಲಾಗುತ್ತಿದ್ದು, ಹತ್ತರಲ್ಲಿ ಏಳೆಂಟು ಜನ ಉತ್ತರಿಸಲಾರದೆ ಹಿಂದಿರುಗುತ್ತಿದ್ದರೆಂದು ಆತನು ಹೇಳುತ್ತಾನೆ. ಆಚಾರ್ಯ ಶೀಲಭದ್ರನಲ್ಲಿ ಯೋಗಾಚಾರ ಶಾಸ್ತ್ರವನ್ನು ಓದಿದನು. ವಿಹಾರದಿಂದ ಆತನಿಗೆ ದಿನವೂ ಸಲ್ಲುತ್ತಿದ್ದ ಪಡಿಯ ಪಟ್ಟಿಯೂ ಉಳಿದುಬಂದಿದೆ: ಇಪ್ಪತ್ತು ಅಡಕೆ, ಇಪ್ಪತ್ತು ಜಾಯಿಕಾಯಿ, ಸ್ವಲ್ಪ ಕರ್ಪೂರ, ಮಗಧದಲ್ಲಿ ಮಾತ್ರ ಬೆಳೆಯುತ್ತಿದ್ದ ಮಹಾಶಾಲಿಯೆಂಬ ಸುವಾಸನೆಯ ಅಕ್ಕಿ, ಇತ್ಯಾದಿ. ಆ ಅಕ್ಕಿ ಅರಸರಿಗೂ ಮಹಾವಿದ್ವಾಂಸರಿಗೂ ಮಾತ್ರ ಮೀಸಲಾಗಿತ್ತು. ರಾಜಾಧಿರಾಜರ ವೈಭವವನ್ನು ವರ್ಣಿಸುವ ಕಾವ್ಯಗಳು ಎಷ್ಟೋ ಇವೆ. ಏಳನೆಯ ಶತಮಾನದ ಒಬ್ಬ ವಿದ್ಯಾರ್ಥಿಯ ದಿನದ ಅಡಕೆಯ ಲೆಕ್ಕವನ್ನು ಹೇಳುವ ಬರಹಗಳು ಬಹಳವಿಲ್ಲ.

ನಾಲಂದೆಯ ಓದಿನ ನಡುವೆ ಆತನು ಪೂರ್ವತೀರವನ್ನು ಹಿಡಿದು ದಕ್ಷಿಣಕ್ಕೆ ಇಳಿದು ಕಂಚಿಯವರೆಗೆ ಬಂದನು. ಅಲ್ಲಿಂದ ಸಿಂಹಳಕ್ಕೆ ಹೋಗುವುದು ಆತನ ಸಂಕಲ್ಪ. ಅದೇ ವೇಳೆಗೆ ಸಿಂಹಳದಿಂದ ಕಂಚಿಗೆ ಬಂದಿಳಿದ ಭಿಕ್ಷುಗಳು ತಮ್ಮ ನಾಡಿನಲ್ಲಿ ಅರಸನು ಸತ್ತು ಕ್ಷೋಭೆಯೂ ಬರಗಾಲವೂ ತಲೆದೋರಿದುವೆಂದು ತಿಳಿಸಿದರು. ಕಡಲನ್ನು ದಾಟುವ ಯೋಚನೆಯನ್ನು ಬಿಟ್ಟನು. ಗ್ರಂಥದಲ್ಲಿ ಸಿಂಹಳದ ದೀರ್ಘವಾದ ವರ್ಣನೆಯೇನೋ ಇದೆ. ಆದರೆ ಅದನ್ನು ಕೇಳಿದ ನಾಡುಗಳ ಸಾಲಿಗೆ ಸೇರಿಸಲಾಗಿದೆ. ಇಷ್ಟು ದೂರ ಬಂದವನು ಇನ್ನೊಂದು ನಾಡನ್ನು ಕಂಡೆನೆಂದು ಹೇಳಿಕೊಂಡಿದ್ದರೆ ಚೀನಾದಲ್ಲಿ ಪ್ರತಿಹೇಳುವವರು ಯಾರಿದ್ದರು?

ಕಂಚಿಯಿಂದ ಉತ್ತರಕ್ಕೆ ತಿರುಗಿದ ಮೇಲೆ ಸಿಕ್ಕುವ ಎರಡು ನಾಡುಗಳು ಕನ್ನಡ ಓದುಗರಿಗೆ ಹತ್ತಿರದವು. ಮೊದಲನೆಯದನ್ನು ಕೊಂಕಣಪುರವೆಂದು ಕರೆದಿದ್ದಾನೆ. ಅದು ಬನವಾಸಿಯೆಂದೂ ಆನೆಗೊಂದಿಯೆಂದೂ ವಿದ್ವಾಂಸರು ಊಹಿಸಿದ್ದಾರೆ, ನಿಶ್ಚಯವಾಗಿಲ್ಲ. ಆ ನಗರದ ಉತ್ತರಕ್ಕೆ ಮೂವತ್ತು ಲಿ ಸುತ್ತಳತೆಯ ತಾಳೆಯ ವನವೊಂದಿದ್ದು, ಅದರ ಗರಿಗಳು ಉದ್ದವೂ ಅಗಲವೂ ನುಣುಪೂ ಆಗಿದ್ದು, ಬರೆಯುವುದಕ್ಕೆ ಅವನ್ನು ಎಲ್ಲ ನಾಡುಗಳಲ್ಲಿಯೂ ಬಳಸುತ್ತಿದ್ದರೆಂದು ಹೇಳುತ್ತಾನೆ. ಇದು ಶ್ರೀತಾಳೆಯೇ ಸರಿ. ಗ್ರಂಥಗಳನ್ನು ಅರಸಿ ಬಂದವನ ಕಣ್ಣು ಗ್ರಂಥಕ್ಕೆ ಒಡಲಾಗುವ ಗರಿಯ ಮೇಲೆ ಬಿದ್ದದ್ದು ಸಹಜ.

ಎರಡನೆಯದು ಮಹಾರಾಷ್ಟ್ರವೆಂಬ ಹೆಸರಿನಲ್ಲಿ ಆತನು ವರ್ಣಿಸಿರುವ ಚಾಲುಕ್ಯ ರಾಜ್ಯ, ಅರಸನು ಪುಲಕೇಶಿ. ಇಲ್ಲಿಯ ಜನರು ನೀಳಕಾಯರು, ಅಭಿಮಾನಿಗಳು. ಉಪಕಾರವನ್ನು ಮರೆಯರು, ಅಪಕಾರವನ್ನು ಬಿಡರು. ಸೇಡು ತೀರಿಸಿಕೊಳ್ಳುವುದಕ್ಕೆ ಮುಂಚೆ ವೈರಿಗೆ ಸುದ್ದಿ ಮುಟ್ಟಿಸಿಯೇ ಆಯುಧವನ್ನು ಹಿಡಿಯುತ್ತಾರೆ. ಶರಣು ಬಂದವನನ್ನು ಕೊಲ್ಲರು. ಸೋತ ಸೇನಾಪತಿಗೆ ದಂಡನೆ ವಿಧಿಸುವ ಬದಲು ಹೆಂಗಸರ ಉಡುಗೆಯನ್ನು ಕೊಡುತ್ತಾರೆ. ಯುದ್ಧಕ್ಕೆ ಮುನ್ನ ವೀರರೂ ಮದ್ಯವನ್ನು ಕುಡಿದು ಆನೆಗಳಿಗೂ ಕುಡಿಸುತ್ತಿದ್ದರೆಂಬುದನ್ನೂ ಬಿಟ್ಟಿಲ್ಲ. ಪೂರ್ವಪಶ್ಚಿಮಗಳನ್ನೆಲ್ಲ ಗೆದ್ದ ಹರ್ಷ ಶೀಲಾದಿತ್ಯನು ಈ ನಾಡಿನವರನ್ನು ಮಾತ್ರ ಬಗ್ಗಿಸಲಾರದೆ ಹೋದನೆಂದು ಸ್ಪಷ್ಟವಾಗಿ ನುಡಿದಿದ್ದಾನೆ. ಈ ಮಾತಿನ ಬೆಲೆ ತಿಳಿಯಬೇಕಾದರೆ ಹೇಳಿದವನು ಯಾರೆಂಬುದನ್ನು ನೋಡಬೇಕು. ಹ್ಯೂಯೆನ್‌ತ್ಸಾಂಗನು ಮುಂದೆ ಹರ್ಷನ ಆದರಕ್ಕೆ ಪಾತ್ರನಾದವನು, ಕನೌಜಿನ ಸಭೆಯಲ್ಲಿ ಆತನಿಂದ ಸನ್ಮಾನಿತನಾದವನು. ತನ್ನನ್ನು ಮನ್ನಿಸಿದ ಅರಸನ ಸೋಲನ್ನು ಆತನು ಮುಚ್ಚಲಿಲ್ಲ. ಐಹೊಳೆಯ ಮೇಗುತಿ ದೇವಾಲಯದ ಗೋಡೆಯ ಮೇಲೆ ರವಿಕೀರ್ತಿಯು 634ರಲ್ಲಿ ಬರೆಯಿಸಿದ ಶಾಸನವೂ ಇದೇ ಸೋಲನ್ನು ಹೇಳುತ್ತದೆ; ಹರ್ಷನು ಹರ್ಷವನ್ನು ಕಳೆದುಕೊಂಡನೆಂಬ ಶ್ಲೇಷೆ ಅಲ್ಲಿದೆ. ಆದರೆ ರವಿಕೀರ್ತಿಯು ಪುಲಕೇಶಿಯ ಆಶ್ರಿತ ಕವಿ. ಆಶ್ರಿತನ ಹೊಗಳಿಕೆಯನ್ನು ಇತಿಹಾಸಕಾರನು ಒರೆಗೆ ಹಚ್ಚದೆ ಒಪ್ಪಲಾರ. ಎದುರು ಪಕ್ಷದ ಆಸ್ಥಾನವನ್ನು ಕಂಡ ಪರದೇಶಿಯ ಸಾಕ್ಷ್ಯವೇ ಅದಕ್ಕೆ ಒರೆಗಲ್ಲಾಯಿತು. ಶೈಕ್ಷಣಿಕ ಪ್ರವಾಸಕ್ಕೆಂದು ಐಹೊಳೆಗೆ ಹೋಗುವ ಮಕ್ಕಳು ದುರ್ಗದ ಗುಡಿಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಬಸ್ಸು ಹತ್ತುವುದೇ ಹೆಚ್ಚು. ಮೇಗುತಿಯ ಗುಡ್ಡವನ್ನು ಹತ್ತಿ ಆ ಗೋಡೆಯ ಮುಂದೆ ಕಾಲುಗಂಟೆ ನಿಂತರೆ ನಷ್ಟವಿಲ್ಲ.

ಯಾತ್ರಿಕನು ಈ ನಾಡಿಗೆ ಬಂದದ್ದು ಸುಮಾರು 641ರಲ್ಲಿ. ಮರುವರ್ಷವೇ ಕಂಚಿಯ ಪಲ್ಲವ ನರಸಿಂಹವರ್ಮನು ದಂಡೆತ್ತಿ ಬಂದು ಬಾದಾಮಿಯನ್ನು ಹಿಡಿದನು. ಪುಲಕೇಶಿಯ ಆಳ್ವಿಕೆ ಅಲ್ಲಿಗೆ ಕೊನೆಗೊಂಡಿತು. ಕಂಚಿಯನ್ನೂ ಚಾಲುಕ್ಯರ ನಾಡನ್ನೂ ಒಂದಾದ ಮೇಲೊಂದರಂತೆ ಕಂಡವನು ಅಲ್ಲಿ ಮಸೆಯುತ್ತಿದ್ದ ಕತ್ತಿಗಳನ್ನು ಕಂಡಂತೆ ತೋರುವುದಿಲ್ಲ. ಕಂಚಿಯ ಅರಸನ ಹೆಸರನ್ನು ಕೂಡ ಆತನು ಹೇಳಿಲ್ಲ.

ಇದೇ ನಾಡಿನ ಪೂರ್ವದ ಅಂಚಿನಲ್ಲಿ, ಕತ್ತಲ ಕಣಿವೆಯೊಂದರಲ್ಲಿ ಬಂಡೆಯನ್ನು ಕಡಿದು ಮಾಡಿದ ವಿಹಾರವಿದೆಯೆಂದೂ, ಗೋಡೆಗಳ ಮೇಲೆ ಬುದ್ಧನ ಪೂರ್ವಜನ್ಮಗಳ ಕಥೆಗಳಿವೆಯೆಂದೂ, ಬಾಗಿಲ ಹೊರಗೆ ಎಡಬಲಗಳಲ್ಲಿ ಕಲ್ಲಾನೆಗಳಿವೆಯೆಂದೂ ಬರೆದಿದ್ದಾನೆ. ಇದು ಅಜಂತೆಯೆಂದು ವಿದ್ವಾಂಸರ ಅಭಿಪ್ರಾಯ. ಹದಿನಾರನೆಯ ಗುಹೆಗೆ ಹತ್ತುವ ಮೆಟ್ಟಿಲುಗಳ ಬಳಿ ಎರಡು ಕಲ್ಲಾನೆಗಳು ಇಂದಿಗೂ ನಿಂತಿವೆ. ಆದರೆ ಅದೇ ವರ್ಣನೆಯಲ್ಲಿ ಎಪ್ಪತ್ತು ಅಡಿ ಮೀರಿದ ವಿಗ್ರಹವೂ, ಅದರ ಮೇಲೆ ಆಧಾರವಿಲ್ಲದೆ ಆಕಾಶದಲ್ಲಿ ತೂಗುವ ಏಳು ಕಲ್ಲಿನ ಕೊಡೆಗಳೂ ಬರುತ್ತವೆ. ಅಂಥವು ಅಜಂತೆಯಲ್ಲಿಲ್ಲ. ಆನೆಗಳು ಆಗಾಗ ಘೀಳಿಡುತ್ತವೆ, ಆಗ ಭೂಮಿ ನಡುಗುತ್ತದೆ ಎಂಬ ಮಾತನ್ನು "ಊರವರು ಹೇಳುತ್ತಾರೆ" ಎಂಬ ಮುನ್ನುಡಿಯೊಡನೆ ಕೊಟ್ಟಿದ್ದಾನೆ. ಸ್ವತಃ ಗುಹೆಗಳಿಗೆ ಹೋಗಿದ್ದನೇ, ದಾರಿಯಲ್ಲಿ ಕೇಳಿ ಬರೆದನೇ ಎಂಬ ಸಂಶಯಕ್ಕೆ ಇಲ್ಲಿ ಎಡೆಯುಂಟು.

643ರ ಪ್ರಯಾಗದ ಮಹೋತ್ಸವದ ನಂತರ ಆತನು ಸ್ವದೇಶಕ್ಕೆ ಹೊರಟನು. ಸಿಂಧೂನದಿಯನ್ನು ದಾಟುವಾಗ ತಾನು ಆನೆಯ ಮೇಲಿದ್ದು, ಗ್ರಂಥಗಳನ್ನು ದೋಣಿಯಲ್ಲಿಟ್ಟಿದ್ದನು. ನಡುಹೊಳೆಯಲ್ಲಿ ಗಾಳಿಯೆದ್ದು ದೋಣಿ ಹೊಯ್ದಾಡಿ ಐವತ್ತು ಹಸ್ತಪ್ರತಿಗಳು ನೀರುಪಾಲಾದವು. ಆದರೂ 645ರಲ್ಲಿ ಚಾಂಗಾನನ್ನು ಮುಟ್ಟಿದಾಗ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳಿದ್ದವು. ಕದ್ದು ಹೋದವನನ್ನು ಎದುರುಗೊಳ್ಳಲು ನಗರವೇ ನೆರೆಯಿತು. ಚಕ್ರವರ್ತಿಯು ಅಧಿಕಾರಪದವಿಯನ್ನು ನೀಡಬಂದರೆ ಆತನು ಒಲ್ಲೆನೆಂದನು; ಪಶ್ಚಿಮ ದೇಶಗಳ ವೃತ್ತಾಂತವನ್ನು ಬರೆದುಕೊಡೆಂದರೆ ಒಪ್ಪಿದನು. ಉಳಿದ ಆಯುಷ್ಯವೆಲ್ಲ, 664ರಲ್ಲಿ ಕಾಲವಾಗುವವರೆಗೆ, ಭಾಷಾಂತರಕ್ಕೆ ಸಂದಿತು. ಗ್ರಂಥಗಳನ್ನು ಕಾಪಾಡುವುದಕ್ಕೆಂದು 652ರಲ್ಲಿ ಕಟ್ಟಿಸಿದ ಮಹಾ ಕಾಡುಬಾತಿನ ಗೋಪುರವು ಮುಂದೆ ಜೀರ್ಣೋದ್ಧಾರಗಳನ್ನು ಕಂಡು, ಈಗ ಷಿಯಾನ್ ಎನಿಸಿಕೊಂಡಿರುವ ಆ ನಗರದಲ್ಲಿ ಇಂದಿಗೂ ನಿಂತಿದೆ.

ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಭಾರತಕ್ಕೆ ಆ ವೃತ್ತಾಂತದ ಪರಿಚಯವೇ ಇರಲಿಲ್ಲ. ಫ್ರೆಂಚ್ ಪಂಡಿತ ಸ್ತಾನಿಸ್ಲಾಸ್ ಜೂಲಿಯೆನನು 1857-58ರಲ್ಲಿ ಅದನ್ನು ತನ್ನ ಭಾಷೆಗೆ ತಂದನು. 1861ರಲ್ಲಿ ಪ್ರಾಚ್ಯವಸ್ತು ಸರ್ವೇಕ್ಷಣೆಯ ಅಧಿಕಾರಿಯಾದ ಅಲೆಕ್ಸಾಂಡರ್ ಕನಿಂಗ್‌ಹ್ಯಾಮನು ಅದನ್ನು ಕೈಯಲ್ಲಿ ಹಿಡಿದು ಉತ್ತರ ಭಾರತದಲ್ಲಿ ತಿರುಗಿದನು. ಇಂಥ ಊರಿನಿಂದ ಇಂಥ ದಿಕ್ಕಿಗೆ ಇಷ್ಟು ಲಿ ಎಂಬ ಹಳೆಯ ಲೆಕ್ಕವೇ ದಾರಿದೀಪವಾಯಿತು. ಬರಗಾಂವ್ ಎಂಬ ಹಳ್ಳಿಯ ಬಳಿಯ ಇಟ್ಟಿಗೆಯ ದಿಬ್ಬಗಳೇ ನಾಲಂದೆಯೆಂದು ಆತನು ಗುರುತಿಸಿದನು; 1915ರಿಂದ ನಡೆದ ಉತ್ಖನನದಲ್ಲಿ ನಾಲಂದಾ ಮಹಾವಿಹಾರದ ಹೆಸರುಳ್ಳ ಮುದ್ರೆಗಳೇ ದೊರೆತು ಸಂಶಯ ಹರಿಯಿತು. ಬುದ್ಧನು ಹುಟ್ಟಿದ ಲುಂಬಿನಿಯಲ್ಲಿ ಅಶೋಕನ ಕಂಬವೊಂದಿದೆ, ಅದು ನಡುವೆ ಮುರಿದಿದೆ ಎಂದು ಯಾತ್ರಿಕನು ಬರೆದಿದ್ದನು. 1896ರಲ್ಲಿ ನೇಪಾಳದ ತರಾಯಿಯಲ್ಲಿ ಅಶೋಕನ ಶಾಸನವುಳ್ಳ, ಮೇಲ್ಭಾಗ ಮುರಿದುಹೋದ ಕಂಬವೇ ಬೆಳಕಿಗೆ ಬಂದಿತು. ಬರೆದವನು ಕಂಡದ್ದನ್ನೂ ಕೇಳಿದ್ದನ್ನೂ ಕಲಸಿಬಿಟ್ಟಿದ್ದರೆ ಹನ್ನೆರಡು ಶತಮಾನಗಳ ಅನಂತರ ಅದನ್ನು ನಂಬಿ ಯಾರೂ ಗುದ್ದಲಿ ಹಿಡಿಯುತ್ತಿರಲಿಲ್ಲ.

ಬಾಮಿಯಾನಿನ ಆ ಎರಡು ವಿಗ್ರಹಗಳನ್ನು ತಾಲಿಬಾನರು 2001ರ ಮಾರ್ಚಿಯಲ್ಲಿ ಸಿಡಿಮದ್ದಿಟ್ಟು ಒಡೆದುಹಾಕಿದರು. ಬಂಡೆಯಲ್ಲಿ ಈಗ ಉಳಿದಿರುವುದು ಎರಡು ಬರಿಯ ಗೂಡುಗಳು. ಅಲ್ಲಿ ಸಾವಿರ ಅಡಿಯ ಮಲಗಿದ ಬುದ್ಧನೊಬ್ಬನೂ ಇರುವನೆಂದು ಹ್ಯೂಯೆನ್‌ತ್ಸಾಂಗನು ಬರೆದಿದ್ದನು. ಆ ಮಾತಿನ ಬೆನ್ನು ಹಿಡಿದು ಮಣ್ಣನ್ನು ಅಗೆದವರಿಗೆ 2008ರಲ್ಲಿ 19 ಮೀಟರು ಉದ್ದದ, ಶಿಥಿಲವಾದ ಮಲಗಿದ ವಿಗ್ರಹವೊಂದು ದೊರೆಯಿತು. ಸಾವಿರ ಅಡಿಯದು ದೊರೆತಿಲ್ಲ. ವಿಗ್ರಹಗಳು ಹೊಂಬಣ್ಣದಿಂದ ಹೊಳೆಯುತ್ತಿದ್ದ ಕಾಲದ ಕಣ್ಣಾರೆ ಕಂಡ ಸಾಕ್ಷ್ಯವಾಗಿ ಜಗತ್ತಿಗೆ ಉಳಿದಿರುವುದು ಆತನ ಕೆಲವೇ ಸಾಲುಗಳು.

ಹಿಂದಿರುಗಿದ ಏಳನೆಯ ವರ್ಷದಲ್ಲಿ, 652ರಲ್ಲಿ, ಬೋಧಗಯೆಯ ಮಹಾಬೋಧಿ ವಿಹಾರದಿಂದ ಆತನಿಗೆ ಒಂದು ಪತ್ರ ಬಂದಿತು. ಪ್ರಜ್ಞಾದೇವನೆಂಬ ಭಿಕ್ಷು ಅದರೊಡನೆ ಎರಡು ತುಂಡು ಬಿಳಿಯ ಹತ್ತಿಬಟ್ಟೆಯನ್ನು ಕಳುಹಿಸಿ, ದಾರಿ ದೂರವಾದುದರಿಂದ ಕಾಣಿಕೆಯ ಅಲ್ಪತ್ವವನ್ನು ಮನ್ನಿಸಬೇಕೆಂದು ಕೇಳಿಕೊಂಡಿದ್ದನು. 654ರಲ್ಲಿ ಪತ್ರವಾಹಕನು ಹಿಂದಿರುಗುವಾಗ ಹ್ಯೂಯೆನ್‌ತ್ಸಾಂಗನು ಭಾರತದ ಮಿತ್ರರಿಗೆ ಉತ್ತರಗಳನ್ನು ಬರೆದುಕೊಟ್ಟನು. ಗುರು ಶೀಲಭದ್ರನು ಇನ್ನಿಲ್ಲವೆಂಬ ಸುದ್ದಿ ಆ ವೇಳೆಗೆ ಆತನನ್ನು ಮುಟ್ಟಿತ್ತು, ಅದಕ್ಕಾಗಿ ಶೋಕಿಸಿದ್ದಾನೆ. ತಾನು ಮಾಡಿದ ಭಾಷಾಂತರಗಳ ಲೆಕ್ಕವನ್ನು ಒಪ್ಪಿಸಿದ್ದಾನೆ. ಸಿಂಧೂನದಿಯಲ್ಲಿ ಒಂದು ಕುದುರೆ ಹೊರೆಯಷ್ಟು ಗ್ರಂಥಗಳು ಹೋದುವೆಂದು ತಿಳಿಸಿ, ಅವುಗಳ ಹೆಸರುಗಳ ಪಟ್ಟಿಯನ್ನು ಲಗತ್ತಿಸಿ, ಈ ಕಡೆಗೆ ಬರುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕಳುಹಿಸಿಕೊಡಬೇಕೆಂದು ಬೇಡಿದ್ದಾನೆ.